ಮಕ್ಕಳ ಕಾರ್ಟೂನು, ದೊಡ್ಡವರ ಪಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಕಾರ್ಟೂನಿಗೂ ನನಗೂ ಇರುವ ನಂಟು ಇಷ್ಟೇ: ರಾಜಾಜಿನಗರದ ನಮ್ಮ ಮನೆಯಲ್ಲಿ ಇರುವುದು ಒಂದೇ ಟಿವಿ, ಅದರ ರಿಮೋಟು ಆರು ವರ್ಷದ ಮಗಳ ಕೈಯಲ್ಲಿ. ಪಕ್ಕದಲ್ಲಿ ಕೂತು ಕೂತು ನನಗೂ ಸ್ವಲ್ಪ ಹುಚ್ಚು ಹತ್ತಿತು. ಪಾರ್ಕಿನಲ್ಲಿ, ಸ್ಕೂಲ್ ಗೇಟಿನ ಮುಂದೆ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ, ಬೇರೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ. ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಡುವುದು ವಾಸಿ ಅನ್ನಿಸಿತು.

ಮಗು ಮಲಗಿದ ಮೇಲೂ ನಾನೊಬ್ಬನೇ ಕೂತು ಬ್ಲೂಯಿ ಕಾರ್ಟೂನ್ ನೋಡ್ತೀನಿ. ಏನೂ ತೊಂದರೆ ಇಲ್ವಾ?

ಇಲ್ಲ. ನಾನೂ ನೋಡುತ್ತೇನೆ. ಸದ್ದು ಮಾತ್ರ ಕಮ್ಮಿ ಇಟ್ಟುಕೊಳ್ಳಿ. ಮಗು ಎದ್ದು ಬಂತೋ, ಕೆಲಸ ಕೆಟ್ಟಿತು.

ಒಂದು ಕಾರ್ಟೂನ್ ದೊಡ್ಡವರಿಗೂ ಹಿಡಿಸುತ್ತೆ, ಇನ್ನೊಂದು ಐದೇ ನಿಮಿಷಕ್ಕೆ ಸಾಕು ಸಾಕಾಗುತ್ತೆ. ಯಾಕೆ ಹೀಗೆ?

ನಾನು ಇದನ್ನು ಊಟದ ಪಂಕ್ತಿಯ ಲೆಕ್ಕದಲ್ಲಿ ನೋಡುತ್ತೇನೆ. ಕೆಲವು ಕಾರ್ಟೂನ್ ಮಾಡುವವರು ದೊಡ್ಡವರಿಗೂ ಒಂದು ಎಲೆ ಹಾಕಿರುತ್ತಾರೆ. ಕೆಲವರು ಮಕ್ಕಳಿಗೆ ಮಾತ್ರ ಹಾಕಿರುತ್ತಾರೆ. ಎಲೆ ಹಾಕದ ಕಡೆ ಹೋಗಿ ಕೂತು, ನನಗೆ ಬಡಿಸಲೇ ಇಲ್ಲ ಅಂತ ಗೊಣಗುವುದರಲ್ಲಿ ಅರ್ಥವಿಲ್ಲ.

ಬ್ಲೂಯಿಯನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಊರಿನ ಲೂಡೋ ಸ್ಟುಡಿಯೋ ಮಾಡಿದ್ದು, 2018ರಲ್ಲಿ ಶುರುವಾಯಿತು. ಒಂದೊಂದು ಕಂತೂ ಸುಮಾರು ಏಳು ನಿಮಿಷ. ಬ್ಲೂಯಿ ಮತ್ತು ಅವಳ ತಂಗಿ, ಇಬ್ಬರು ಹೆಣ್ಣು ನಾಯಿಮರಿಗಳು, ಅಪ್ಪ ಬ್ಯಾಂಡಿಟ್, ಅಮ್ಮ ಚಿಲ್ಲಿ. ಮಕ್ಕಳು ಆಟ ಆಡುತ್ತವೆ, ಅಷ್ಟೇ ಕಥೆ. ಆದರೆ ಆಟದ ಹಿಂದೆ ಅಪ್ಪ ಅಮ್ಮನ ಸುಸ್ತು ಕಾಣುತ್ತಿರುತ್ತದೆ. ಒಂದು ಕಂತಿನಲ್ಲಿ ಚಿಲ್ಲಿ ತನ್ನ ಹಳೆಯ ಕಥೆ ಹೇಳುತ್ತಾಳೆ. ಬ್ಲೂಯಿ ಕೂಸಾಗಿದ್ದಾಗ ಬೇರೆಯವರ ಮಗು ಬೇಗ ನಡೆಯಿತು, ನನ್ನದು ನಡೆಯಲಿಲ್ಲ ಅಂತ ಒಳಗೊಳಗೇ ಸಂಕಟಪಟ್ಟದ್ದು. ಕೊನೆಗೆ ಅನುಭವಸ್ಥ ತಾಯಿಯೊಬ್ಬಳು ಮನೆಗೇ ಬಂದು ಧೈರ್ಯ ಹೇಳುತ್ತಾಳೆ.

ನಮ್ಮ ಪುಟ್ಟಿ ಹದಿನಾರು ತಿಂಗಳಾದರೂ ನಡೆದಿರಲಿಲ್ಲ. ನಮ್ಮ ಬೀದಿಯಲ್ಲಿ "ಇನ್ನೂ ನಡೀತಿಲ್ವಾ?" ಅಂತ ಕೇಳದ ಮನೆ ಇರಲಿಲ್ಲ. ಹಾಲಿನವನೂ ಕೇಳಿದ್ದ. ಈ ಕಂತು ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಒಲೆ ಹಚ್ಚಿರಲಿಲ್ಲ, ಸುಮ್ನೆ ನಿಂತಿದ್ದಳು. ಪುಟ್ಟಿಗೆ ಆ ಕಂತಿನಲ್ಲಿ ಹಿಡಿಸಿದ್ದು ಮಾತ್ರ ಕೂಸು ತೆವಳುವ ರೀತಿ. ಅವಳ ಎಲೆಯಲ್ಲಿ ಬಡಿಸಿದ್ದು ಅದು, ನನ್ನ ಹೆಂಡತಿಯ ಎಲೆಯಲ್ಲಿ ಬಡಿಸಿದ್ದು ಬೇರೆ. ಎರಡೂ ಅದೇ ಏಳು ನಿಮಿಷದೊಳಗೆ.

ಈಗ ಛೋಟಾ ಭೀಮ್. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯದು, 2008ರಿಂದ ಪೋಗೋ ಚಾನೆಲ್‌ನಲ್ಲಿ ಬರುತ್ತಿದೆ. ಭೀಮ್‌ನ ಊರು ಢೋಲಕ್‌ಪುರಕ್ಕೆ ಕಷ್ಟ ಬರುತ್ತದೆ, ಭೀಮ್ ಲಾಡು ತಿನ್ನುತ್ತಾನೆ, ಕಷ್ಟ ಓಡಿಹೋಗುತ್ತದೆ. ಎರಡನೇ ನಿಮಿಷದಲ್ಲೇ ನಮಗೆ ಕೊನೆ ಗೊತ್ತಾಗಿಬಿಡುತ್ತದೆ. ನನಗೆ ಇದು ಹಿಡಿಸುವುದಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಒಂದು ದಿನ ಹೀಗೇ ಗೊಣಗುತ್ತಿದ್ದಾಗ ನಮ್ಮಪ್ಪ ಕೇಳಿದರು: "ಅಣ್ಣಾವ್ರು ಸೋಲ್ತಾರೇನೋ ಅಂತ ನೀನು ಟಿಕೆಟ್ ತಗೊಳ್ತಿದ್ದೆಯಾ?" ಉತ್ತರ ಹೊಳೆಯಲಿಲ್ಲ. ಯಕ್ಷಗಾನ ನೋಡುವವರಿಗೂ ಕೀಚಕ ಸಾಯುತ್ತಾನೆ ಅಂತ ಗೊತ್ತೇ ಇರುತ್ತದೆ. ಐದು ವರ್ಷದ ಮಗುವಿಗೆ ದಿನಪೂರ್ತಿ ಹೊಸದೇ. ಅದರ ಮಧ್ಯೆ ಒಂದು ಕಡೆಯಾದರೂ ಮುಂದೇನಾಗುತ್ತೆ ಅಂತ ಖಾತ್ರಿ ಇದ್ದರೆ ಅದಕ್ಕೆ ಹಾಯೆನಿಸುತ್ತದೆ.

ನನಗೆ ಯಾವ ಕಾರ್ಟೂನೂ ಬೇಡ. ಎಲ್ಲಾ ಬರೀ ಕಿರುಚಾಟ. ನನ್ನಲ್ಲೇ ಏನೋ ಕೊರತೆ ಇದೆಯಾ?

ಒಂದು ಮಾತು ಕೇಳುತ್ತೇನೆ. ನೀವು ಕಾರ್ಟೂನ್ ನೋಡಿದ್ದೀರಾ, ಬರೀ ಕೇಳಿಸಿಕೊಂಡಿದ್ದೀರಾ?

ನಮ್ಮಲ್ಲಿ ಜಾಸ್ತಿ ಜನ ಕೇಳಿಸಿಕೊಂಡವರೇ. ಕುಕ್ಕರ್ ಮೂರನೇ ಸೀಟಿ ಕೂಗುತ್ತಿರುತ್ತದೆ, ಆಫೀಸಿನ ಫೋನು ಕಿವಿಯಲ್ಲಿರುತ್ತದೆ, ಹಿಂದಿನಿಂದ ಮೋಟು ಪತ್ಲು ಓಡುವ ಸದ್ದು. ಆ ಸದ್ದಿಗೆ ಚಿತ್ರ ಜೊತೆಗಿಲ್ಲದಿದ್ದರೆ ಅದು ಗಲಾಟೆಯೇ. ಕ್ರಿಕೆಟ್ ಗೊತ್ತಿಲ್ಲದವರಿಗೆ ಪಕ್ಕದ ಮನೆಯ ಕಾಮೆಂಟರಿ ಹೇಗೆ ಕೇಳಿಸುತ್ತದೋ ಹಾಗೆ. ನಾನೂ ಎರಡು ವರ್ಷ ಹೀಗೇ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದೆ. ಕಾಲು ಉಳುಕಿ ಒಂದು ವಾರ ಸೋಫಾ ಮೇಲೆ ಬಿದ್ದಿದ್ದಾಗ ಮೊದಲ ಸಲ ಪೂರ್ತಿ ನೋಡಿದ್ದು.

ಒಂದು ಪೂರ್ತಿ ಕಂತು ನೋಡಿ. ಆಮೇಲೂ ಹಿಡಿಸದಿದ್ದರೆ ಬಿಡಿ. ಹಾಗಲಕಾಯಿ ಎಲ್ಲರಿಗೂ ಸೇರುತ್ತದಾ?

ಟಾಮ್ ಅಂಡ್ ಜೆರ್ರಿ ಮಾತ್ರ ತಾತನಿಂದ ಮೊಮ್ಮಗಳವರೆಗೆ ಎಲ್ಲರಿಗೂ ಇಷ್ಟ. ಅದರ ಗುಟ್ಟೇನು?

ಅದು ಮೊದಲಿಗೆ ಮಕ್ಕಳ ಕಾರ್ಟೂನೇ ಅಲ್ಲ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಎಂಜಿಎಂ ಕಂಪನಿಗೆ ಶುರು ಮಾಡಿದಾಗ ಅದು ಟಾಕೀಸಿನಲ್ಲಿ ದೊಡ್ಡ ಸಿನಿಮಾಗೆ ಮುಂಚೆ ಹಾಕುವ ಚಿಕ್ಕ ಚಿತ್ರ. ನೋಡುವವರಲ್ಲಿ ಸಿಗರೇಟು ಸೇದುವ ಗಂಡಸರೂ ಇದ್ದರು, ಕೆಲಸ ಮುಗಿಸಿ ಬಂದ ಹೆಂಗಸರೂ ಇದ್ದರು, ಮಕ್ಕಳೂ ಇದ್ದರು. ಎಲ್ಲರನ್ನೂ ನಗಿಸಬೇಕಿತ್ತು. ಆ ಸರಣಿಗೆ ಏಳು ಆಸ್ಕರ್ ಬಂದಿವೆ.

ನಮ್ಮಪ್ಪ, ಅಂದರೆ ಪುಟ್ಟಿಯ ತಾತ, ಹುಡುಗನಾಗಿದ್ದಾಗ ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾಗೆ ಮುಂಚೆ ಇದನ್ನು ನೋಡಿದ್ದರಂತೆ. ಆ ಜಾಗದಲ್ಲಿ ಈಗ ಮೆಟ್ರೋ ನಿಲ್ದಾಣ ಇದೆ. ಸಿನಿಮಾದ ಹೆಸರು ಮರೆತುಹೋಗಿದೆ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿಕೊಂಡದ್ದು ಇನ್ನೂ ನೆನಪಿದೆ.

ಇನ್ನೊಂದು ಗುಟ್ಟು ಸಂಗೀತ. ಮಾತೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ಇಡೀ ಕಥೆಯನ್ನು ಸ್ಕಾಟ್ ಬ್ರಾಡ್ಲಿಯವರ ವಾದ್ಯವೃಂದವೇ ಹೇಳುತ್ತದೆ. ಟಾಮ್ ಕೋಟು ಹಾಕಿಕೊಂಡು ಪಿಯಾನೋ ನುಡಿಸುವ ಕಂತು ನೆನಪಿರಬೇಕು. ಅಲ್ಲಿ ನುಡಿಸುವುದು ಲಿಸ್ಟ್ ಎಂಬ ಸಂಗೀತಗಾರನ ಎರಡನೇ ಹಂಗೇರಿಯನ್ ರ‍್ಯಾಪ್ಸೊಡಿ. ಅದು ಗೊತ್ತಿದ್ದವರಿಗೆ ಒಂದು ಖುಷಿ, ಗೊತ್ತಿಲ್ಲದವರಿಗೆ ಇಲಿಯ ಚೇಷ್ಟೆಯ ಖುಷಿ. ಟಾಮ್ ನೋವಿಂದ ಕಿರುಚುವ ಆ ಪ್ರಸಿದ್ಧ ಕೂಗು ಇದೆಯಲ್ಲ, ಅದು ಹ್ಯಾನಾ ಅವರದೇ ಗಂಟಲು.

ನಮ್ಮ ಕಾಲದ ಕಾರ್ಟೂನ್‌ಗಳೇ ಚೆನ್ನಾಗಿದ್ದವು, ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ವಠಾರದಲ್ಲಿ ಟಿವಿ ಇದ್ದದ್ದು ಎರಡೇ ಮನೆಯಲ್ಲಿ. ಭಾನುವಾರ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಸ್ನಾನಕ್ಕೆ ಮುಂಚೆ, ಪಕ್ಕದ ಮನೆಯ ನಡುಮನೆಯಲ್ಲಿ ಸಾಲಾಗಿ ಕೂತು ದೂರದರ್ಶನ ನೋಡುತ್ತಿದ್ದೆವು. ಸೋಫಾಗೆ ಎಣ್ಣೆ ಅಂಟುತ್ತದೆ ಅಂತ ನೆಲವೇ ಗತಿ. ಮಧ್ಯೆ ಕರೆಂಟು ಹೋದರೆ ಕಥೆಯ ಬಾಕಿ ನಾವೇ ಕಟ್ಟಬೇಕಿತ್ತು.

ಹೋದ ವರ್ಷ ಹುಡುಕಿ ತೆಗೆದು ಪುಟ್ಟಿಗೆ ಆಗಿನ ಹೀ-ಮ್ಯಾನ್ ಕಾರ್ಟೂನ್ ಹಾಕಿದೆ. ಹತ್ತು ನಿಮಿಷಕ್ಕೆ ಅವಳು ಹೇಳಿದ್ದು: "ಅಪ್ಪ, ಇವನು ಆಗ್ಲೂ ಹೀಗೇ ಓಡಿದ್ದ." ಮಗು ಹೇಳಿದ್ದು ನಿಜ. 1983ರಲ್ಲಿ ಅದನ್ನು ಮಾಡಿದ ಫಿಲ್ಮೇಷನ್ ಕಂಪನಿ ದುಡ್ಡು ಉಳಿಸಲು ಅದೇ ಓಟ, ಅದೇ ಏಟು, ಅದೇ ನಗುವನ್ನು ಮತ್ತೆ ಮತ್ತೆ ಬಳಸುತ್ತಿತ್ತು. ಇಡೀ ಸರಣಿಯ ಹಿಂದೆ ಇದ್ದದ್ದು ಮ್ಯಾಟೆಲ್ ಕಂಪನಿಯ ಗೊಂಬೆಗಳು. ನಾನು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡು ಬಂದದ್ದು ಒಂದು ಉದ್ದದ ಜಾಹೀರಾತನ್ನು! ನನಗೆ ಇಷ್ಟವಾಗಿದ್ದು ಹೀ-ಮ್ಯಾನ್ ಅಲ್ಲ, ಆ ನೆಲ, ಆ ಎಣ್ಣೆ ವಾಸನೆ, ಪಕ್ಕದ ಮನೆ ಆಂಟಿ ಕೊಡುತ್ತಿದ್ದ ಕೋಡುಬಳೆ. ಈಗಿನ ಮಕ್ಕಳ ಕಾರ್ಟೂನಿನಲ್ಲಿ ನಮಗೆ ಆ ಕೋಡುಬಳೆ ಸಿಗುವುದಿಲ್ಲ. ಅದಕ್ಕೆ ಕಾರ್ಟೂನನ್ನು ಬೈಯುತ್ತೇವೆ.

ಹಾಗಂತ ಹಳೆಯದೆಲ್ಲ ಕಳಪೆ ಅಂತಲೂ ಅಲ್ಲ. ಕಾಡಿನಲ್ಲಿ ಬೆಳೆದ ಮೊಗ್ಲಿಯ ಕಥೆಯನ್ನು ಈಗ ನೋಡಿದರೂ ಚೆನ್ನಾಗಿದೆ. ಅದು ಜಪಾನಿನಲ್ಲಿ ಮಾಡಿದ್ದು ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಒಂದೇ ಕಂತನ್ನು ನೂರು ಸಲ ನೋಡ್ತಾಳೆ. ಅವಳಿಗೆ ಬೇಜಾರಾಗಲ್ವಾ? ನಮಗೆ ಹುಚ್ಚು ಹಿಡೀತಿದೆ.

ಬೇಜಾರು ನಿಮಗೆ ಮಾತ್ರ. 1996ರಲ್ಲಿ ಅಮೆರಿಕದಲ್ಲಿ ಬ್ಲೂಸ್ ಕ್ಲೂಸ್ ಎಂಬ ಕಾರ್ಯಕ್ರಮ ಶುರುವಾದಾಗ ಒಂದೇ ಕಂತನ್ನು ಐದು ದಿನ ದಿನವೂ ಹಾಕುತ್ತಿದ್ದರು. ಸಂಶೋಧಕರು ಪಕ್ಕದಲ್ಲಿ ಕೂತು ನೋಡಿದಾಗ ಮಕ್ಕಳು ಬೇಸತ್ತಿರಲಿಲ್ಲ. ಪರದೆಯಿಂದ ಬಂದ ಪ್ರಶ್ನೆಗಳಿಗೆ ದಿನದಿಂದ ದಿನಕ್ಕೆ ಜಾಸ್ತಿ ಕೂಗಿ ಉತ್ತರ ಹೇಳುತ್ತಿದ್ದರು. ಮೊದಲ ಸಲ ಮಗು ಕಥೆ ಹಿಡಿಯುತ್ತದೆ, ಆಮೇಲೆ ಕಾರಣ ಹಿಡಿಯುತ್ತದೆ, ಕೊನೆಗೆ ಅದಕ್ಕೆ ಎಲ್ಲಾ ಗೊತ್ತು ಅನ್ನುವ ಹಮ್ಮು. ನಾವು ಮೊದಲ ಸಲಕ್ಕೇ ಮೂರೂ ಮುಗಿಸಿಬಿಡುತ್ತೇವೆ. ಅಲ್ಲಿಂದ ಮುಂದೆ ನಮಗೆ ಉಳಿದಿರುವುದು ಬಟ್ಟೆ ಮಡಚುವ ಕೆಲಸ.

ಶಿನ್‌ಚಾನ್ ಮಕ್ಕಳಿಗೆ ಬೇಡ ಅನ್ನಿಸುತ್ತೆ. ಆದರೆ ನನಗೆ ನಗು ತಡೆಯಕ್ಕಾಗಲ್ಲ!

ನಿಮ್ಮ ಎರಡು ಅನಿಸಿಕೆಯೂ ಸರಿ. ಯೋಶಿಟೊ ಉಸುಯಿ ಅದನ್ನು ಬರೆಯಲು ಶುರು ಮಾಡಿದ್ದು 1990ರಲ್ಲಿ, ಜಪಾನಿನಲ್ಲಿ ದೊಡ್ಡವರು ಓದುವ ಕಾಮಿಕ್ಸ್ ವಾರಪತ್ರಿಕೆಗೆ. ಟಿವಿಗೆ ಬಂದಿದ್ದು 1992ರಲ್ಲಿ. ಐದು ವರ್ಷದ ಹುಡುಗನ ಬಾಯಲ್ಲಿ ದೊಡ್ಡವರ ಮಾನ ಹರಾಜಾಗುವುದೇ ಅದರ ತಮಾಷೆ. ಮನೆ ಸಾಲ ಕಟ್ಟುವ ಅಪ್ಪ, ಅವನ ನಾರುವ ಕಾಲುಚೀಲ, ರಿಯಾಯಿತಿ ಮಾರಾಟಕ್ಕೆ ಓಡುವ ಅಮ್ಮ. ಇದೆಲ್ಲ ನಮ್ಮದೇ ಮನೆಯ ಕಥೆ, ಕಾಲುಚೀಲ ಸೇರಿ. ನಮ್ಮ ದೇಶದಲ್ಲಿ 2008ರಲ್ಲಿ ಅದನ್ನು ನಿಲ್ಲಿಸಿ, ಆಮೇಲೆ ಕತ್ತರಿ ಹಾಕಿ ಮತ್ತೆ ತಂದರು. ನಾನಂತೂ ಚಿಕ್ಕ ಮಕ್ಕಳಿಗೆ ಹಾಕುವುದಿಲ್ಲ. ಇಲ್ಲಿ ಎಲೆ ಹಾಕಿದ್ದೇ ದೊಡ್ಡವರಿಗೆ. ಮಕ್ಕಳು ಕರೆಯದೇ ಬಂದು ಕೂತಿದ್ದಾರೆ.

ಮಗು ಕಾರ್ಟೂನ್ ನೋಡಿ ಮನೇಲಿ ಹಿಂದಿ ಮಾತಾಡುತ್ತೆ. ಅಜ್ಜಿ ತಾತನಿಗೆ ಏನೂ ಅರ್ಥ ಆಗಲ್ಲ. ಏನು ಮಾಡೋದು?

ಬೆಂಗಳೂರಿನಲ್ಲಿ ನನಗೆ ಅತಿ ಜಾಸ್ತಿ ಎದುರಾಗುವ ಪ್ರಶ್ನೆ ಇದು. ದೊಡ್ಡವರು ಕಾರ್ಟೂನಿಗೆ ಹತ್ತಿರವಾಗದೇ ಇರಲು ನನ್ನ ಪ್ರಕಾರ ದೊಡ್ಡ ಕಾರಣವೂ ಇದೇ. ಎಲೆ ಹಾಕಿರುತ್ತಾರೆ, ಬಡಿಸುವವರ ಭಾಷೆ ಬೇರೆ.

ಪುಟ್ಟಿ ಮೂರು ವರ್ಷದವಳಿದ್ದಾಗ ತಾತನ ಕೈ ಹಿಡಿದು "ತಾತ, ಚಲೋ!" ಅಂದಳು. ಅವರು ಧಾರವಾಡದ ಕಡೆಯವರ ಜೊತೆ ಕೆಲಸ ಮಾಡಿದವರು. "ಚಲೋ ಐತಿ, ಏನು ಚಲೋ ಐತಿ?" ಅಂತ ಕೇಳಿದರು. ಅವಳಿಗೆ ಅದು ತಿಳಿಯಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ನಾವು ನಕ್ಕೆವು. ಆಮೇಲೆ ಯೋಚಿಸಿದರೆ ಅಷ್ಟೇನೂ ನಗು ಬರಲಿಲ್ಲ.

ಕನ್ನಡದಲ್ಲಿ ಕಾರ್ಟೂನ್ ಇಲ್ಲವೇ ಇಲ್ಲ ಅಂತಲ್ಲ. ಸನ್ ಬಳಗದ ಚಿಂಟು ಟಿವಿ 2009ರಿಂದ ಇದೆ. ಡೋರಾ ಕನ್ನಡ ಮಾತಾಡಿದ್ದು ಅಲ್ಲೇ. ಆದರೆ ಮಕ್ಕಳು ಸ್ಕೂಲಿನಲ್ಲಿ ಮಾತಾಡಿಕೊಳ್ಳುವ ಡೊರೇಮಾನ್, ಭೀಮ್, ಮೋಟು ಪತ್ಲು ನಮ್ಮ ಮನೆಗೆ ಬಂದದ್ದು ಹಿಂದಿಯಲ್ಲೇ. ಇದರ ಹಿಂದೆ ಹಳೆಯ ಕಥೆ ಇದೆ. ನಮ್ಮ ಚಿತ್ರರಂಗದಲ್ಲಿ ಡಬ್ಬಿಂಗ್‌ಗೆ 1960ರ ದಶಕದಿಂದಲೂ ವಿರೋಧ ಇತ್ತು. ಕನ್ನಡದ ಕಲಾವಿದರ ಅನ್ನಕ್ಕೆ ಕಲ್ಲು ಬೀಳಬಾರದು ಅನ್ನುವುದು ಅದರ ಕಾರಣ, ಆಗಿನ ಕಾಲಕ್ಕೆ ಸಣ್ಣ ಕಾರಣವೂ ಅಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೀಗೆ ತಡೆಯುವುದು ಕಾನೂನಿಗೆ ವಿರುದ್ಧ ಅಂತ ಹೇಳಿತು. ಆಮೇಲೆ ದೊಡ್ಡವರ ಸಿನಿಮಾಗಳು, ಧಾರಾವಾಹಿಗಳು ಕನ್ನಡಕ್ಕೆ ಸಾಲುಸಾಲಾಗಿ ಬಂದವು. ಮಕ್ಕಳ ಪಾಲಿಗೆ ಬಂದದ್ದು ಕಮ್ಮಿ ಅನ್ನುವುದು ನನ್ನ ದೂರು. ಕಲಾವಿದರ ಹೊಟ್ಟೆಪಾಡಿನ ಮಾತು ನನಗೆ ಅರ್ಥವಾಗುತ್ತದೆ. ಮೂರು ವರ್ಷದ ಮಗುವಿನ ಕಿವಿಗೆ ಮೊದಲು ಯಾವ ಭಾಷೆ ಬೀಳುತ್ತದೆ ಅನ್ನುವುದು ಅದಕ್ಕಿಂತ ದೊಡ್ಡದು.

ನಾವು ಮಾಡಿದ್ದು ಸಣ್ಣ ಉಪಾಯ. ವಾರಕ್ಕೊಂದು ದಿನ ಸದ್ದು ತೆಗೆದುಬಿಡುತ್ತೇವೆ. ನಾನೋ ಪುಟ್ಟಿಯೋ ತಾತನಿಗೆ ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಹಾಗೆ ಒಂದು ಸಲ ಡೊರೇಮಾನಿನ ಕಂತೊಂದು ಬಂತು. ಅದರಲ್ಲಿ ನೋಬಿಟಾ ಎಂಬ ಹುಡುಗ ಕಾಲಯಂತ್ರದಲ್ಲಿ ಹಿಂದಕ್ಕೆ ಹೋಗಿ, ತೀರಿಕೊಂಡಿದ್ದ ಅಜ್ಜಿಯನ್ನು ನೋಡುತ್ತಾನೆ. ಅಜ್ಜಿಗೆ ಮೊಮ್ಮಗ ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೋಗುವುದನ್ನು ನೋಡುವ ಆಸೆ. ಈ ದೊಡ್ಡ ಹುಡುಗ "ನಾನೇ ನೋಬಿಟಾ" ಅಂದರೆ ಆಕೆ ಮರುಮಾತಿಲ್ಲದೆ ನಂಬುತ್ತಾಳೆ. ನನ್ನ ಗಂಟಲು ಕಟ್ಟಿತು, ಅರ್ಧ ಪುಟ್ಟಿಯೇ ಹೇಳಿದಳು. ಅಲ್ಲಿಯವರೆಗೆ ಡೊರೇಮಾನನ್ನು "ಆ ನೀಲಿ ಬೆಕ್ಕು" ಅಂತ ಕರೆದು ಮುಖ ತಿರುಗಿಸುತ್ತಿದ್ದ ತಾತ ಕೇಳಿದರು: "ಆ ಮಗು ವಾಪಸ್ ಹೋಗುವಾಗ ಅಜ್ಜಿಗೆ ಹೇಳಿ ಹೋಯ್ತಾ?"

ಕೆಲವು ಕಾರ್ಟೂನ್ ನೋಡಿದರೆ ತಲೆನೋವೇ ಬರುತ್ತೆ. ಮಕ್ಕಳಿಗೆ ಏನೂ ಆಗಲ್ವಾ?

ಎಷ್ಟು ಬೇಗ ಬೇಗ ದೃಶ್ಯ ಬದಲಾಗುತ್ತದೆ ಅಂತ ಎಣಿಸಿ ನೋಡಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ನಾಲ್ಕು ವರ್ಷದ 60 ಮಕ್ಕಳ ಮೇಲೆ ಪರೀಕ್ಷೆ ಮಾಡಿದ್ದರು. ಒಂದು ಗುಂಪಿಗೆ ಒಂಬತ್ತು ನಿಮಿಷ ಸ್ಪಾಂಜ್‌ಬಾಬ್, ಅದರಲ್ಲಿ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲು. ಇನ್ನೊಂದು ಗುಂಪಿಗೆ ನಿಧಾನದ ಕಾರ್ಟೂನ್, 34 ಸೆಕೆಂಡಿಗೊಮ್ಮೆ ಬದಲು. ಮೂರನೆಯ ಗುಂಪಿಗೆ ಚಿತ್ರ ಬರೆಯುವ ಕೆಲಸ. ಆ ಕೂಡಲೇ ಗಮನ ಮತ್ತು ತಾಳ್ಮೆ ಪರೀಕ್ಷಿಸಿದಾಗ ಮೊದಲ ಗುಂಪು ಹಿಂದೆ ಬಿತ್ತು. ಇದು ಆ ಕ್ಷಣದ ಮಾತು, ಮಗು ಜೀವನಪೂರ್ತಿ ಹಾಳಾಯಿತು ಅಂತಲ್ಲ. ಸ್ಪಾಂಜ್‌ಬಾಬ್ ಹಾಕುವ ಚಾನೆಲ್‌ನವರೂ ಸುಮ್ಮನಿರಲಿಲ್ಲ. ನಮ್ಮ ಕಾರ್ಯಕ್ರಮ ನಾಲ್ಕು ವರ್ಷದವರಿಗೆ ಮಾಡಿದ್ದೇ ಅಲ್ಲ ಅಂದರು.

ನಮ್ಮ ಮನೆಯ ನಿಯಮ: ವೇಗದ್ದು ಊಟಕ್ಕೆ ಮುಂಚೆಯೂ ಬೇಡ, ಮಲಗುವ ಮುಂಚೆಯೂ ಬೇಡ. ನಿಯಮ ಮುರಿದ ದಿನ ಅನ್ನದ ತಟ್ಟೆ ಹಿಡಿದು ಮನೆಯೆಲ್ಲ ಓಡುವ ಶಿಕ್ಷೆ ನನಗೇ.

ದಿನಕ್ಕೆ ಎಷ್ಟು ಹೊತ್ತು ನೋಡಬಹುದು?

ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದೂ ದೊಡ್ಡವರ ಜೊತೆ. ಇದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುವ ಲೆಕ್ಕ. ಅಪ್ಪಂದಿರಿಗೆ ಎಷ್ಟು ಗಂಟೆ ಅಂತ ಅವರು ಹೇಳಿಲ್ಲ.

ಕಾರ್ಟೂನಿನಲ್ಲಿ ಅಪ್ಪನನ್ನು ಯಾವಾಗಲೂ ದಡ್ಡ ಅಂತಲೇ ಯಾಕೆ ತೋರಿಸ್ತಾರೆ?

ಪೆಪ್ಪಾ ಪಿಗ್ ನೋಡಿ ಕೇಳುತ್ತಿದ್ದೀರಿ, ಗೊತ್ತಾಯಿತು. ಡ್ಯಾಡಿ ಪಿಗ್ ನಕ್ಷೆ ಹಿಡಿದು ದಾರಿ ತಪ್ಪುತ್ತಾನೆ, ಮೊಳೆ ಹೊಡೆಯಲು ಹೋಗಿ ಗೋಡೆ ಕೆಡವುತ್ತಾನೆ. ಮೊದಲಿಗೆ ನನಗೂ ಸಿಟ್ಟು ಬಂತು. ಆಮೇಲೆ ನಮ್ಮ ಮನೆಯ ಪರದೆ ಸರಳು ನಾನೇ ಕೂರಿಸಲು ಹೋದೆ. ಈ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಇದಕ್ಕೆ ಮದ್ದು ಬೇಕಿದ್ದರೆ ರಷ್ಯಾದ ಮಾಷಾ ಅಂಡ್ ದಿ ಬೇರ್ ನೋಡಿ. ಸರ್ಕಸ್‌ನಿಂದ ನಿವೃತ್ತನಾದ ಕರಡಿ ನೆಮ್ಮದಿಯಾಗಿರಬೇಕು ಅಂದುಕೊಂಡಿರುತ್ತದೆ, ಪುಟ್ಟ ಹುಡುಗಿ ಬಂದು ಮನೆ ಎತ್ತಿ ಹಾಕುತ್ತಾಳೆ. ಮಕ್ಕಳು ಮಾಷಾಳನ್ನು ನೋಡುತ್ತಾರೆ. ಅಪ್ಪ ಅಮ್ಮಂದಿರು ನೋಡುವುದು ಕರಡಿಯ ಮುಖವನ್ನು.

ಮಕ್ಕಳಿಗೆ ಕಥೆ, ಕಾರ್ಟೂನ್ ಮಾಡೋದು ಸುಲಭದ ಕೆಲಸ ಅಲ್ವಾ? ಏನು ಮಾಡಿದ್ರೂ ನೋಡ್ತಾರೆ.

ಕುಡುಕ ರತ್ನನ ಪದಗಳನ್ನು ಬರೆದ ಜಿ.ಪಿ. ರಾಜರತ್ನಂ ಅವರೇ ನಾಯಿಮರಿಗೂ ತುತ್ತೂರಿಗೂ ಪದ್ಯ ಕಟ್ಟಿದರು. ಎರಡಕ್ಕೂ ಅದೇ ಲೇಖನಿ. ಆ ಶಿಶುಗೀತೆಗಳನ್ನು ನಮ್ಮಪ್ಪ ಈಗಲೂ ಒಂದು ಅಕ್ಷರ ತಪ್ಪದೆ ಹೇಳುತ್ತಾರೆ. ಬೆಳಗಿನ ಮಾತ್ರೆ ನುಂಗಿದ್ದು ಅವರಿಗೆ ನೆನಪಿರುವುದಿಲ್ಲ. ಸುಲಭದ ಕೆಲಸ ಅನ್ನುವವರು ಅಂಥ ನಾಲ್ಕು ಸಾಲು ಬರೆದು ತೋರಿಸಲಿ.

ನಾನು ಬಂದು ಪಕ್ಕದಲ್ಲಿ ಕೂತರೆ ಮಗ ಚಾನೆಲ್ ಬದಲಾಯಿಸ್ತಾನೆ. ಯಾಕೆ?

ಎಷ್ಟು ವರ್ಷ? ಹತ್ತು ದಾಟಿದ್ದರೆ ಕಾರಣ ನೀವೇ. ನೀವು ಮಾತಾಡುತ್ತೀರಿ.

ನನ್ನ ಅಕ್ಕನ ಮಗನಿಗೆ ಹನ್ನೆರಡು. ರಜೆಗೆ ಬಂದಿದ್ದಾಗ ಕತ್ತಿ ಹಿಡಿದು ಹಾರುವ ಯಾವುದೋ ಜಪಾನಿ ಸರಣಿ ನೋಡುತ್ತಿದ್ದ. ನಾನು ಹೋಗಿ ಕೂತೆ. ಇವನ್ಯಾರು, ಅವನಿಗೆ ಕಣ್ಣು ಯಾಕೆ ಕೆಂಪು, ಸತ್ತವನು ಮತ್ತೆ ಹೇಗೆ ಬಂದ, ಅಂತ ಶುರು ಮಾಡಿದೆ. ಅವನು ನಿಲ್ಲಿಸಿ, ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದ: "ಮಾಮ, ನೀವು ಮಾತಾಡದೇ ನೋಡ್ತೀರಾ?"

ನೋಡುತ್ತೇನೆ ಅಂತ ಮಾತು ಕೊಟ್ಟೆ. ನಾಲ್ಕು ನಿಮಿಷ ತಡೆದುಕೊಂಡೆ.